ಪೊಟ್ಟಣದ ಬೆನ್ನ ಮೇಲಿನ ಬರಹ

ಹನೂರಿನ ನಮ್ಮ ಮನೆಯಲ್ಲಿ ಅವ್ವ ಟೀಗೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟು ಆರು ವರ್ಷವಾಯಿತು. ಸಕ್ಕರೆ ಕಾಯಿಲೆ. ಆದರೆ ಅದೇ ಟೀಯಲ್ಲಿ ಅದ್ದಿ ತಿನ್ನುವ ಬಿಸ್ಕತ್ತನ್ನು ಬಿಟ್ಟಿರಲಿಲ್ಲ. ಮೊನ್ನೆ ಪೊಟ್ಟಣ ತಿರುಗಿಸಿ ಕೇಳಿದಳು: "ಇದ್ರ ಬೆನ್ನಲ್ಲಿ ಏನ್ ಬರ್ದಿದ್ದರು ಕೂಸು?"

ಓದಿ ಹೇಳಿದೆ. 100 ಗ್ರಾಂಗೆ ಸುಮಾರು 450 ಕ್ಯಾಲೊರಿ, 7 ಗ್ರಾಂ ಪ್ರೋಟೀನ್, 25 ಗ್ರಾಂ ಸಕ್ಕರೆ. ಉಳಿದದ್ದರಲ್ಲಿ ಹೆಚ್ಚಿನದು ಮೈದಾ. ಅವ್ವ ದಿನಕ್ಕೆ ತಿನ್ನುವ 60 ಗ್ರಾಂ ಬಿಸ್ಕತ್ತಿನಲ್ಲಿ 15 ಗ್ರಾಂ ಸಕ್ಕರೆ, ಹೆಚ್ಚುಕಡಿಮೆ ನಾಲ್ಕು ಚಮಚ. ಟೀಯಿಂದ ತೆಗೆದದ್ದು ಬಿಸ್ಕತ್ತಿನಲ್ಲಿ ವಾಪಸ್ ಬಂದಿತ್ತು. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಕಾಯಿಲೆ ಇಲ್ಲದವರಿಗೂ ಸೇರಿಸಿಯೇ.

ನಮ್ಮ ಕಡೆಯ ಹಳೆಯ ಸಿಹಿಗಳು ಸಾಧುವಾಗಿದ್ದವು ಎಂದು ನಾನು ಹೇಳುವುದಿಲ್ಲ. ಬೆಲ್ಲವೂ ಸಕ್ಕರೆಯೇ. ಆದರೆ ತಂಬಿಟ್ಟು, ಎಳ್ಳುಂಡೆ ಹಬ್ಬಕ್ಕೆ ಬರುತ್ತಿದ್ದವು. ಲಾಡು ಮಾದಪ್ಪನ ಬೆಟ್ಟಕ್ಕೆ ಹೋಗಿಬಂದವರ ಕೈಯಲ್ಲಿ ಬರುತ್ತಿತ್ತು. ಮನೆಯಲ್ಲೇ ಕುಟ್ಟಿ, ಪಾಕ ತೆಗೆದವಳಿಗೆ ಬೆಲ್ಲ ಎಷ್ಟು ಅಚ್ಚು ಹೋಯಿತೆಂಬುದು ಗೊತ್ತಿರುತ್ತಿತ್ತು. ಬಿಸ್ಕತ್ತು ಬಂದದ್ದು ಬೇರೆ ದಾರಿಯಲ್ಲಿ: ಜ್ವರದವರಿಗೆ, ಬಾಣಂತಿಗೆ, ಆಸ್ಪತ್ರೆಯಲ್ಲಿ ಮಲಗಿದವರಿಗೆ ಒಯ್ಯುವ ಪಥ್ಯವಾಗಿ. ಹಾಗಾಗಿ ಅದನ್ನು ಯಾರೂ ಸಿಹಿತಿಂಡಿಯ ಲೆಕ್ಕಕ್ಕೆ ಸೇರಿಸಲಿಲ್ಲ.

ಲೆಕ್ಕ ಪೊಟ್ಟಣದ ಮೇಲೇ ಇದೆಯಲ್ಲ ಎನ್ನಬಹುದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ 2011ರಲ್ಲಿ ಬಂದ ನಿಯಮಗಳು ಪೌಷ್ಟಿಕಾಂಶದ ವಿವರವನ್ನು ಕಡ್ಡಾಯ ಮಾಡಿದವು. 2020ರ ನಿಯಮಗಳು ಅದನ್ನು ಇನ್ನಷ್ಟು ಬಿಡಿಸಿ ಬರೆಯಲು ಹೇಳಿದವು. ಆದರೆ ಎರಡೂ ಕಡೆ ಭಾಷೆ ಒಂದೇ: ಇಂಗ್ಲಿಷ್ ಅಥವಾ ದೇವನಾಗರಿಯಲ್ಲಿ ಹಿಂದಿ. ಜೊತೆಗೆ ಬೇರೆ ಭಾಷೆ ಬಳಸಲು ಅಡ್ಡಿಯಿಲ್ಲ, ಬಳಸಲೇಬೇಕೆಂದೂ ಇಲ್ಲ.

ಈ ಸಾಲು ನಮ್ಮೂರಿನಲ್ಲಿ ಓದಿದರೆ ಬೇರೆಯೇ ಕೇಳಿಸುತ್ತದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಹನೂರೂ ಸೇರಿದ್ದ ಕೊಳ್ಳೇಗಾಲ ಸೀಮೆ ಕಂಪನಿಯ ಪಾಲಾಗಿ, ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು, ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಆಡುವ ಮಾತು ಒಂದೇ, ಕಚೇರಿ ಎರಡು. 1956ರ ನವೆಂಬರ್ 1ರಂದು ಆ ಗಡಿ ಅಳಿಯಿತು. ಅವ್ವ ಅದರ ಮರುವರ್ಷ ಹುಟ್ಟಿದವಳು. ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿ ಓದಿದ್ದಾಳೆ. ಪೇಪರು, ಪಹಣಿ, ಬಸ್ಸಿನ ಬೋರ್ಡು ತಾನೇ ಓದುತ್ತಾಳೆ. ತನ್ನ ಕಾಯಿಲೆಗೆ ಸಂಬಂಧಿಸಿದ ಈ ನಾಲ್ಕು ಸಾಲಿಗೆ ಮಾತ್ರ ಮಗನನ್ನು ಕಾಯಬೇಕು.

ಬಿಸ್ಕತ್ತಿನ ಡಬ್ಬಿಯ ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿದೆ: "ನಾಲ್ಕು ಬಿಸ್ಕತ್ತಿಗೆ ಒಂದು ಚಮಚಕ್ಕಿಂತ ಹೆಚ್ಚು ಸಕ್ಕರೆ." ಅವ್ವ ಗಟ್ಟಿಯಾಗಿ ಓದಿದಳು. ಕೈಯಲ್ಲಿದ್ದ ನಾಲ್ಕರಲ್ಲಿ ಮೂರನ್ನು ಡಬ್ಬಿಗೆ ಹಾಕಿ ಮುಚ್ಚಿದಳು.