ಕೋಲಾರ ಸೀಮೆಯ ಶ್ರೀನಿವಾಸರು

ಶ್ರೀನಿವಾಸ ಎಂಬುದು ತಿರುಮಲೆಯ ವೆಂಕಟೇಶ್ವರನ ಹೆಸರು. ಕೋಲಾರ ಸೀಮೆಯಲ್ಲಿ ಈ ಹೆಸರಿನವರಿಲ್ಲದ ಊರು ಸಿಗುವುದು ಕಷ್ಟ. ಮನೆಯಲ್ಲಿ ಸೀನ ಎನಿಸಿಕೊಂಡವನು ವಯಸ್ಸಾದಂತೆ ಸೀನಪ್ಪನಾಗುತ್ತಾನೆ. ತೆಲುಗು ಮನೆಮಾತಿನವರಲ್ಲಿ ಅದೇ ಹೆಸರು ಶ್ರೀನಿವಾಸುಲು, ತಮಿಳರಲ್ಲಿ ಶ್ರೀನಿವಾಸನ್. ಜಾತಿ, ಕಸುಬು, ಭಾಷೆ ಯಾವುದೇ ಇರಲಿ, ಈ ಹೆಸರು ಎಲ್ಲರ ಮನೆಯಲ್ಲೂ ಉಂಟು. ಈ ಸೀಮೆಯ ಒಂದು ಪಟ್ಟಣಕ್ಕೂ ಒಬ್ಬ ಮಹಾಲೇಖಕರ ಕಾವ್ಯನಾಮಕ್ಕೂ ಇದೇ ಹೆಸರು ಒದಗಿದೆ.

ಇದಕ್ಕೆ ಮುಖ್ಯ ಕಾರಣ ತಿರುಪತಿಯ ದಾರಿ. ಮುಳಬಾಗಿಲು ಎಂದರೆ ಮೂಡಲ ಬಾಗಿಲು, ಕನ್ನಡ ನಾಡಿನ ಪೂರ್ವದ ಬಾಗಿಲು. ಅದರಾಚೆಯ ನಂಗಲಿಯನ್ನು ಹೊಯ್ಸಳರ ಶಾಸನಗಳು ರಾಜ್ಯದ ಮೂಡಣ ಎಲ್ಲೆಯೆಂದು ಹೇಳುತ್ತವೆ. ಅಲ್ಲಿಂದ ಪಲಮನೇರು, ಚಿತ್ತೂರು ದಾಟಿದರೆ ತಿರುಪತಿ. ಬೆಟ್ಟಕ್ಕೆ ಹೊರಟವರು ಮುಳಬಾಗಿಲಿನ ಬಳಿಯ ನರಸಿಂಹತೀರ್ಥದಲ್ಲಿ ಮಿಂದು ಮುಂದೆ ಸಾಗುವುದು ಹಳೆಯ ವಾಡಿಕೆ. ಅಷ್ಟು ದೂರ ಹೋಗಲಾರದವರಿಗೆ ಮಾಲೂರು ತಾಲ್ಲೂಕಿನ ಚಿಕ್ಕ ತಿರುಪತಿಯೂ ಹತ್ತಿರದ ಬಂಗಾರು ತಿರುಪತಿಯೂ ಇದ್ದವು. ಹರಕೆ ಹೊತ್ತು ಪಡೆದ ಮಗುವಿಗೆ ದೇವರ ಹೆಸರನ್ನೇ ಇಡುವ ರೂಢಿಯಿಂದ ವೆಂಕಟೇಶ, ವೆಂಕಟರಮಣ, ತಿಮ್ಮಪ್ಪ, ಶ್ರೀನಿವಾಸ ಎಂಬ ಹೆಸರುಗಳು ಈ ದಾರಿಯುದ್ದಕ್ಕೂ ಹಬ್ಬಿದವು.

ಈ ಹೆಸರಿನ ಪ್ರಸಿದ್ಧರಲ್ಲಿ ಕಾಲದಿಂದ ಮೊದಲಿಗರು ಹೆಸರನ್ನು ಬಿಟ್ಟುಕೊಟ್ಟವರು. ನರಸಿಂಹತೀರ್ಥದಲ್ಲಿ ಹದಿನೈದನೆಯ ಶತಮಾನದ ಯತಿ ಶ್ರೀಪಾದರಾಜರ ಬೃಂದಾವನವಿದೆ. ಅವರು ‘ರಂಗವಿಠಲ’ ಅಂಕಿತದಲ್ಲಿ ಕನ್ನಡ ಕೀರ್ತನೆಗಳನ್ನು ಹಾಡಿದವರು, ಹರಿದಾಸ ಸಾಹಿತ್ಯಕ್ಕೆ ದಾರಿ ಹಾಕಿಕೊಟ್ಟವರು. ಅವರ ಬಳಿ ಮುಳಬಾಗಿಲಿನಲ್ಲಿ ಓದಿದ ವ್ಯಾಸರಾಯರು ಮುಂದೆ ವಿಜಯನಗರದ ರಾಜಗುರುವಿನ ಸ್ಥಾನಕ್ಕೇರಿದರು. ಆ ವ್ಯಾಸರಾಯರಿಂದ ದಾಸದೀಕ್ಷೆ ಪಡೆದ ವ್ಯಾಪಾರಿಯ ಪೂರ್ವದ ಹೆಸರು ಶ್ರೀನಿವಾಸ ನಾಯಕ ಎಂದು ಸಂಪ್ರದಾಯ ಹೇಳುತ್ತದೆ.

ಕಥೆ ನಾಡಿಗೆಲ್ಲ ಗೊತ್ತು. ಮಗನ ಉಪನಯನಕ್ಕೆಂದು ಬೇಡಲು ಬಂದ ಬಡವನನ್ನು ಶ್ರೀನಿವಾಸ ನಾಯಕರು ದಿನದಿನವೂ ಬರಿಗೈಯಲ್ಲಿ ಕಳುಹಿಸುತ್ತಾರೆ. ಅವರ ಹೆಂಡತಿ ಸರಸ್ವತಿ ತನ್ನ ಮೂಗುತಿಯನ್ನೇ ಬಿಚ್ಚಿ ಕೊಡುತ್ತಾಳೆ. ಬಡವ ಅದನ್ನು ಮಾರಲು ತರುವುದು ನಾಯಕರ ಅಂಗಡಿಗೇ. ಒಡವೆಯ ಗುರುತು ಹತ್ತಿದ ನಾಯಕರು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮನೆಗೆ ಬಂದರೆ, ಮೂಗುತಿ ಹೆಂಡತಿಯ ಕೈಯಲ್ಲಿರುತ್ತದೆ. ಆಸ್ತಿಯನ್ನೆಲ್ಲ ದಾನ ಮಾಡಿ ಹೊರಟ ಅವರು ಪುರಂದರದಾಸರಾದರು, 1564ರಲ್ಲಿ ತೀರಿಕೊಂಡರು. ಸುಮಾರು ಎರಡು ಶತಮಾನಗಳ ನಂತರ ರಾಯಚೂರು ಸೀಮೆಯಲ್ಲಿ ಇದೇ ಕಥೆ ಇನ್ನೊಂದು ರೀತಿಯಲ್ಲಿ ನಡೆಯಿತು. ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು ದಾಸರಾಗಿ ‘ಜಗನ್ನಾಥವಿಠಲ’ ಅಂಕಿತ ಪಡೆದು ‘ಹರಿಕಥಾಮೃತಸಾರ’ವನ್ನು ರಚಿಸಿದರು. ದಾಸಸಾಹಿತ್ಯದ ಇಬ್ಬರು ದೊಡ್ಡವರು ಹುಟ್ಟುಹೆಸರಿನಿಂದ ಶ್ರೀನಿವಾಸರೇ. ಇಬ್ಬರನ್ನೂ ಜನ ನೆನೆಯುವುದು ಅಂಕಿತದಿಂದ.

ಹತ್ತೊಂಬತ್ತನೆಯ ಶತಮಾನದ ಆರಂಭದ ಹೊತ್ತಿಗೆ ಈ ಹೆಸರು ಊರಿಗೂ ಬಂತು. ಶ್ರೀನಿವಾಸಪುರದ ಮೊದಲ ಹೆಸರು ಪಾಪನಪಲ್ಲಿ. ಟಿಪ್ಪುವಿನ ಆಡಳಿತದಲ್ಲಿ ಹಣಕಾಸು ನೋಡಿಕೊಂಡಿದ್ದು, 1799ರ ನಂತರ ಮೈಸೂರಿನ ದಿವಾನರಾದ ಪೂರ್ಣಯ್ಯನವರು ತಿರುಪತಿ ಯಾತ್ರೆಯಿಂದ ಮರಳುವಾಗ ಈ ಊರಿಗೆ ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರಿಟ್ಟರೆಂದು ಹಳೆಯ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಪೂರ್ಣಯ್ಯನವರು 1811ರಲ್ಲಿ ಅಧಿಕಾರದಿಂದ ಇಳಿದು ಮರುವರ್ಷ ತೀರಿಕೊಂಡರು. ಇಂದು ಮಾವಿಗೆ ಹೆಸರಾದ ಈ ತಾಲ್ಲೂಕಿನ ಹೆಸರನ್ನು ಕೇಳಿದವರಿಗೆ ಮೊದಲು ನೆನಪಾಗುವುದು ದೇವರು. ಆದರೆ ಊರಿಗೆ ನೇರವಾಗಿ ಬಂದದ್ದು ದಿವಾನರ ಮಗನ ಹೆಸರು, ಮಗನಿಗೆ ಬಂದದ್ದು ದೇವರ ಹೆಸರು. ಪೂರ್ಣಯ್ಯನವರು ದರ್ಶನ ಮುಗಿಸಿ ಬರುತ್ತಿದ್ದ ದಾರಿಯಲ್ಲಿ ಇವೆರಡೂ ಒಂದಾದವು.

ಹೆಸರನ್ನು ತಾವಾಗಿ ಆರಿಸಿಕೊಂಡವರು ಮಾಲೂರು ತಾಲ್ಲೂಕಿನವರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅಲ್ಲಿನ ಹೊಂಗೇನಹಳ್ಳಿಯಲ್ಲಿ 1891ರ ಜೂನ್ 6ರಂದು ಹುಟ್ಟಿದರು. ತಂದೆ ರಾಮಸ್ವಾಮಿ ಅಯ್ಯಂಗಾರ್, ತಾಯಿ ತಿರುಮಲಮ್ಮ. ಮನೆಮಾತು ತಮಿಳು. ಮೈಸೂರು ಸರ್ಕಾರದಲ್ಲಿ ದೊಡ್ಡ ಅಧಿಕಾರಿಯಾಗಿದ್ದುಕೊಂಡೇ ಅವರು ‘ಶ್ರೀನಿವಾಸ’ ಎಂಬ ಕಾವ್ಯನಾಮದಲ್ಲಿ ಬರೆದರು. ವೆಂಕಟೇಶನೂ ಶ್ರೀನಿವಾಸನೂ ಒಬ್ಬನೇ ದೇವರಾದ್ದರಿಂದ ಅವರು ತಮ್ಮ ಹೆಸರನ್ನು ಮರೆಮಾಚಿದಂತೆ ಆಗಲಿಲ್ಲ, ಅದರ ಇನ್ನೊಂದು ರೂಪವನ್ನು ಮುಂದಿಟ್ಟಂತೆ ಆಯಿತು. ‘ಕೆಲವು ಸಣ್ಣ ಕತೆಗಳು’ 1920ರಲ್ಲಿ ಬಂದು ಕನ್ನಡ ಸಣ್ಣಕತೆಗೆ ಗಟ್ಟಿ ನೆಲೆ ಒದಗಿಸಿತು. ‘ಚಿಕವೀರ ರಾಜೇಂದ್ರ’ ಕಾದಂಬರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಸಂದಿತು. ಅವರು ತೀರಿಕೊಂಡದ್ದು 1986ರಲ್ಲಿ, ಹುಟ್ಟಿದ ದಿನವಾದ ಜೂನ್ 6ರಂದೇ.

ಮಾಸ್ತಿಯವರ ಕಾಲದಲ್ಲೇ ಮೈಸೂರಿನಲ್ಲಿ ಹುಟ್ಟಿದ ಇನ್ನೊಬ್ಬ ಶ್ರೀನಿವಾಸರು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ (1916–1999). ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಅವರ ಗ್ರಂಥ 1952ರಲ್ಲಿ ಪ್ರಕಟವಾಯಿತು. ಕೆಳಗಿನ ಜಾತಿಗಳು ಮೇಲಿನವರ ಆಚಾರಗಳನ್ನು ಅನುಸರಿಸಿ ಸ್ಥಾನ ಏರಿಸಿಕೊಳ್ಳುವ ಬಗೆಯನ್ನು ‘ಸಂಸ್ಕೃತೀಕರಣ’ ಎಂದು ಅದರಲ್ಲಿ ವಿವರಿಸಿದರು. ನಾಲ್ಕು ವರ್ಷಗಳ ನಂತರ, 1956ರಲ್ಲಿ, ಕೊಡಗಿನ ಕೊನೆಯ ಅರಸನನ್ನು ಕುರಿತ ಮಾಸ್ತಿಯವರ ಕಾದಂಬರಿ ಬಂತು. ಒಂದೇ ದಶಕದಲ್ಲಿ ಇಬ್ಬರು ಶ್ರೀನಿವಾಸರು ಕೊಡಗನ್ನು ಬರೆದರು. ಒಬ್ಬರು ಅಲ್ಲಿನ ಆಚರಣೆಗಳನ್ನು ಕಣ್ಣಾರೆ ಕಂಡು ಬರೆದರು, ಇನ್ನೊಬ್ಬರು ಅರಸೊತ್ತಿಗೆಯೊಂದರ ಪತನವನ್ನು ಕಥೆಯಾಗಿ ಕಟ್ಟಿದರು. ಇನ್ನು ಚಿತ್ರರಂಗದಲ್ಲಿ, ಆಂಧ್ರದ ಕಾಕಿನಾಡದಲ್ಲಿ ಹುಟ್ಟಿದ ಪಿ.ಬಿ. ಶ್ರೀನಿವಾಸ್ ರಾಜ್‌ಕುಮಾರರ ಹಾಡುಗಳಿಗೆ ದನಿಯಾಗಿ ಕನ್ನಡಿಗರ ಮನೆಮಾತಾದರು.

ಹೀಗೆ ಒಂದೇ ಹೆಸರನ್ನು ವ್ಯಾಪಾರಿಯೊಬ್ಬರು ತೊರೆದರು, ದಿವಾನರೊಬ್ಬರು ಊರಿಗೆ ಕೊಟ್ಟರು, ಲೇಖಕರೊಬ್ಬರು ಆರಿಸಿಕೊಂಡರು, ವಿದ್ವಾಂಸರೊಬ್ಬರು ಹುಟ್ಟಿನಿಂದ ಬಂದಂತೆಯೇ ಉಳಿಸಿಕೊಂಡರು. ಹೆಸರು ಒಂದೇ ಎಂಬ ಕಾರಣಕ್ಕೆ ಇವರನ್ನು ಒಂದೇ ಎಳೆಯಲ್ಲಿ ಪೋಣಿಸಲಾಗದು. ಸ್ಥಳೀಯ ಚರಿತ್ರೆ ಬರೆಯುವವರಿಗೆ ಇದರಲ್ಲಿ ಪಾಠವಿದೆ. ಶಾಸನದಲ್ಲಾಗಲಿ, ಹಳೆಯ ಕಡತದಲ್ಲಾಗಲಿ ಶ್ರೀನಿವಾಸ ಎಂಬ ಹೆಸರು ಕಂಡಾಗ ಕಾಲ, ಊರು, ತಂದೆ ಅಥವಾ ಗುರುವಿನ ಹೆಸರು ಹೊಂದುತ್ತವೆಯೇ ಎಂದು ನೋಡಿಯೇ ಆಳನ್ನು ಗುರುತಿಸಬೇಕು. ಶ್ರೀನಿವಾಸಪುರದ ಶಾಲೆಗಳಲ್ಲಿ ಮಕ್ಕಳಿಗೆ ಪಾಪನಪಲ್ಲಿಯ ಹೆಸರನ್ನೂ, ಆ ಹೆಸರು ಬದಲಾದ ಬಗೆಯನ್ನೂ ಹೇಳಿಕೊಡಬೇಕು. ತಮ್ಮೂರಿನ ಚರಿತ್ರೆಗೆ ಅವರು ಕಾಲಿಡಲು ಅದಕ್ಕಿಂತ ಹತ್ತಿರದ ಬಾಗಿಲು ಬೇರೆ ಇಲ್ಲ.