ಮುಚ್ಚದ ಉದ್ಧರಣೆ

ನನ್ನ ಮೊದಲ ಆನ್‌ಲೈನ್ ಲೇಖನದಲ್ಲಿ ಉದ್ಧರಣೆ ಮುಗಿಸುವ ಗುರುತು ಹಾಕಲು ಮರೆತೆ. ನನ್ನ ಟೀಕೆಯೆಲ್ಲ ತೀರಿಹೋದ ವಿದ್ವಾಂಸರೊಬ್ಬರ ಮಾತಾಗಿ ಪ್ರಕಟವಾಯಿತು!

ಬರಹದ ನಡುವೆ ಸೂಚನೆ ಹಾಕುವುದು ಅಚ್ಚುಕೂಟದ ಹಳೆಯ ರೂಢಿ: ಅಡಿಗೆರೆ ಎಳೆದರೆ ಇಂಗ್ಲಿಷ್ ಮೊಳೆ ಜೋಡಿಸುವವನು ಓರೆ ಅಕ್ಷರ ಹಾಕುತ್ತಿದ್ದ. (ಕನ್ನಡಕ್ಕೆ ಆ ಓರೆ ಇಂದಿಗೂ ಒಗ್ಗಿಲ್ಲ.) 1969ರಲ್ಲಿ ಐಬಿಎಂನ ಗೋಲ್ಡ್‌ಫಾರ್ಬ್, ಮೋಷರ್, ಲೋರಿ ಕಟ್ಟಿದ ಜಿಎಂಎಲ್, ಅಕ್ಷರ ಹೇಗೆ ಕಾಣಬೇಕೆನ್ನುವ ಬದಲು ಇದು ಶೀರ್ಷಿಕೆ, ಇದು ಪ್ಯಾರಾ ಎಂದು ಹೆಸರಿಸಿತು. ಟಿಮ್ ಬರ್ನರ್ಸ್-ಲೀ ಎಚ್‌ಟಿಎಂಎಲ್‌ನಲ್ಲಿ ಅದೇ ದಾರಿ ಹಿಡಿದು ಕೊಂಡಿಯನ್ನೂ ಸೇರಿಸಿದರು.

ನಮ್ಮ ಓಲೆಗರಿಗಳಲ್ಲಿ ಪದಗಳ ನಡುವೆ ತೆರಪಿಲ್ಲ, ಉದ್ಧರಣ ಚಿಹ್ನೆಯೂ ಇಲ್ಲ. ಮಾತು ಮುಗಿದದ್ದನ್ನು ‘ಎಂದು’ ತಿಳಿಸುತ್ತದೆ. ಶುರುವಾದದ್ದೆಲ್ಲಿ ಎಂಬುದನ್ನು ಸಂಪಾದಕ ನಿರ್ಧರಿಸಬೇಕು. ನನ್ನ ತಪ್ಪು ಅದರ ತಿರುವುಮುರುವು. ತಿದ್ದುವಷ್ಟರಲ್ಲಿ ವಿದ್ಯಾರ್ಥಿಯೊಬ್ಬ ನನ್ನ ಸಾಲನ್ನು ಆ ವಿದ್ವಾಂಸರ ಹೆಸರಿನಲ್ಲೇ ತನ್ನ ಪ್ರಬಂಧಕ್ಕೆ ಎತ್ತಿಕೊಂಡಿದ್ದ.