ಹಾಲಿನ ಅಂಟು, ಮರದ ರೆಕ್ಕೆ

ಮನೆಯಲ್ಲಿ ಕಟ್ಟಿದ ವಿಮಾನವೆಂದರೆ ನಗುವವರುಂಟು. ಆದರೆ ಅಮೆರಿಕದ ಮಿನ್ನೆಸೋಟದ ಚೆರಿ ಗ್ರೋವ್ ಎಂಬ ಹಳ್ಳಿಯಲ್ಲಿ ಬರ್ನಾರ್ಡ್ ಪೀಟನ್‌ಪೋಲ್ ಎಂಬ ಸ್ವಂತವಾಗಿ ಕಲಿತ ಮೆಕ್ಯಾನಿಕ್, 1929ರಲ್ಲಿ ಫೋರ್ಡ್ ಮೋಟಾರಿನ ಎಂಜಿನ್ ಕೂರಿಸಿದ ವಿಮಾನವನ್ನು ಹಾರಿಸಿಯೇಬಿಟ್ಟ. 1932ರಲ್ಲಿ ಅದರ ನಕ್ಷೆ ಅಚ್ಚಾಯಿತು. ಮರಗೆಲಸ ಬಲ್ಲವರು ಅದನ್ನು ನೋಡಿ ತಾವೂ ಕಟ್ಟಿದರು.

ಕಟ್ಟುವುದು ಒಂದು ಸಾಹಸ, ಉಳಿಸಿಕೊಳ್ಳುವುದು ಇನ್ನೊಂದು. ಒಳಗೆ ಸ್ಪ್ರೂಸ್ ಮರದ ಚೌಕಟ್ಟು, ಮೇಲೆ ಬಟ್ಟೆ, ಬಟ್ಟೆಯನ್ನು ಬಿಗಿಗೊಳಿಸಲು ಡೋಪ್ ಎಂಬ ಲೇಪ. ಆ ಕಾಲದ ಮರದ ವಿಮಾನಗಳಲ್ಲಿ ಹಾಲಿನಿಂದ ತೆಗೆದ ಕೆಸೀನ್ ಅಂಟಿನ ಬಳಕೆ ಸಾಮಾನ್ಯವಾಗಿತ್ತು. ತೇವ ತಗುಲಿದರೆ ಅದಕ್ಕೆ ಬೂಷ್ಟು ಹಿಡಿದು ಹಿಡಿತ ಸಡಿಲುತ್ತದೆ. ಹೊರಗಿನ ಬಣ್ಣ ಮಾತ್ರ ಹೊಳೆಯುತ್ತಲೇ ಇರುತ್ತದೆ. ಆದ್ದರಿಂದ ಜೀರ್ಣೋದ್ಧಾರಕ್ಕೆ ಕೈಹಾಕಿದವನು ಬಟ್ಟೆ ಬಿಚ್ಚಿ, ಒಂದೊಂದು ಕೂಡುಗೆಯನ್ನೂ ಪರೀಕ್ಷಿಸಬೇಕು.

ಇದನ್ನು ಓದುವಾಗಲೆಲ್ಲ ನನಗೆ, ಗೆದ್ದಲು ತಿಂದ ತೊಲೆಗೆ ಬಣ್ಣ ಬಳಿದು ಹಬ್ಬ ಮಾಡುವ ನಮ್ಮ ಅಭ್ಯಾಸ ನೆನಪಾಗುತ್ತದೆ. ನೆಲದ ಮೇಲಿನ ಮನೆ ಆ ಸುಳ್ಳನ್ನು ಕೆಲವು ಕಾಲ ಸಹಿಸೀತು. ಗಾಳಿಯಲ್ಲಿರುವ ರೆಕ್ಕೆ ಸಹಿಸದು. ಎಂದೋ ಒಬ್ಬ ಅಪರಿಚಿತ ಹಚ್ಚಿದ ಅಂಟನ್ನು ನಂಬಿ, ಇಂದು ಹಾರುವವನು ತನ್ನ ಪ್ರಾಣವನ್ನೇ ಒತ್ತೆಯಿಡುತ್ತಾನಲ್ಲ!